ಸರ್ನ್‌ನ ದತ್ತಾಂಶ ಮಲೆನಾಡಿನ ಕಾಲೇಜುಗಳಿಗೂ ತಲುಪಲಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ, ಹಾಗೂ
ಮಾನ್ಯ ಕುಲಪತಿಗಳು, ಕುವೆಂಪು ವಿಶ್ವವಿದ್ಯಾಲಯ, ಜ್ಞಾನಸಹ್ಯಾದ್ರಿ, ಶಂಕರಘಟ್ಟ

ವಿಷಯ: ಪದವಿ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಪಾಠದಲ್ಲಿ ಸರ್ನ್‌ನ ಮುಕ್ತ ದತ್ತಾಂಶವನ್ನು ಬಳಸಲು ಅವಕಾಶ ಕೋರಿ.

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಮುಗಿಸಿ, ಈಗ ಜಿನೀವಾ ಬಳಿಯ ಸರ್ನ್ ಎಂಬ ಐರೋಪ್ಯ ಕಣಭೌತಶಾಸ್ತ್ರ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದಲ್ಲಿ ಪಾಲ್ಗೊಂಡಿರುವ ಭಾರತೀಯ ತಂಡವೊಂದರಲ್ಲಿ ಸಂಶೋಧಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಪತ್ರವನ್ನು ತಮ್ಮ ಕಚೇರಿಗೆ ಮಾತ್ರ ಕಳುಹಿಸದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಕೇಳಿಕೊಳ್ಳುತ್ತಿರುವ ಕೆಲಸ ಒಂದು ಸುತ್ತೋಲೆ ಹೊರಟ ಮಾತ್ರಕ್ಕೆ ಆಗುವಂಥದ್ದಲ್ಲ. ಅದನ್ನು ಕಾಲೇಜಿನ ಅಧ್ಯಾಪಕರು ಒಪ್ಪಬೇಕು, ವಿದ್ಯಾರ್ಥಿಗಳು ಬಯಸಬೇಕು, ಮಗಳನ್ನು ಭೌತಶಾಸ್ತ್ರಕ್ಕೆ ಸೇರಿಸಿ ಮುಂದೇನು ಎಂದು ಚಿಂತಿಸುತ್ತಿರುವ ಮನೆಯವರಿಗೂ ಅದರ ಅರ್ಥ ಗೊತ್ತಾಗಬೇಕು.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಜಗತ್ತಿನ ಅತಿ ದೊಡ್ಡ ಕಣಘರ್ಷಕ ಯಂತ್ರದಲ್ಲಿ ನಡೆದ ಪ್ರಯೋಗಗಳ ಅಸಲಿ ದತ್ತಾಂಶದ ಒಂದು ದೊಡ್ಡ ಪಾಲು ಇಂದು ಸಾರ್ವಜನಿಕರಿಗೆ ಉಚಿತವಾಗಿ ಲಭ್ಯವಿದೆ. ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿಯಂಥ ಊರುಗಳ ಬಿ.ಎಸ್‌ಸಿ. ವಿದ್ಯಾರ್ಥಿಗಳು ಆ ದತ್ತಾಂಶವನ್ನು ತಮ್ಮ ಕೈಯಾರೆ ವಿಶ್ಲೇಷಿಸುವುದು ಪ್ರಯೋಗಪಾಠದ ಭಾಗವಾಗಬೇಕು, ಅದಕ್ಕೆ ಅಂಕವಿರಬೇಕು, ಅದನ್ನು ಕಲಿಸುವ ಅಧ್ಯಾಪಕರಿಗೆ ಅದು ಕಾರ್ಯಭಾರದಲ್ಲಿ ಸೇರಬೇಕು. ಇಷ್ಟೇ ನನ್ನ ಕೋರಿಕೆ. ಇದು ಏಕೆ ಸಾಧ್ಯ, ಏಕೆ ಅಗತ್ಯ ಎಂಬುದನ್ನು ವಿವರಿಸಲು ಆ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ.

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಕೆಳಗೆ, ಸರಾಸರಿ 100 ಮೀಟರ್ ಆಳದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಒಂದು ಸುರಂಗವಿದೆ. ಅದರೊಳಗೆ ಲಾರ್ಜ್ ಹೇಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿ, ಪ್ರೋಟಾನ್‌ಗಳ ಎರಡು ಧಾರೆಗಳನ್ನು ಎದುರುಬದುರು ದಿಕ್ಕಿನಲ್ಲಿ ಓಡಿಸುತ್ತದೆ. ಧಾರೆಗಳನ್ನು ವರ್ತುಲದಲ್ಲಿ ಬಾಗಿಸಲು ತಲಾ 15 ಮೀಟರ್ ಉದ್ದದ 1232 ಅತಿವಾಹಕ ಅಯಸ್ಕಾಂತಗಳನ್ನು ಸಾಲಾಗಿ ಜೋಡಿಸಿ, ದ್ರವ ಹೀಲಿಯಂನಿಂದ 1.9 ಕೆಲ್ವಿನ್‌ಗೆ, ಅಂದರೆ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೂ ಕೆಳಕ್ಕೆ, ತಂಪಾಗಿಸಿ ಇಡಲಾಗಿದೆ. ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ ವೇಗದಲ್ಲಿ ಓಡುವ ಪ್ರೋಟಾನ್ ಒಂದು ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಬಾರಿ ಈ ವರ್ತುಲವನ್ನು ಸುತ್ತುತ್ತದೆ. ಇಷ್ಟಕ್ಕೆಲ್ಲ ಎಷ್ಟು ವಿದ್ಯುತ್ ಬೇಕು ಎಂದು ನಮ್ಮ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಸರ್ನ್ ಪೂರ್ಣ ಪ್ರಮಾಣದಲ್ಲಿ ನಡೆಯುವಾಗ ಅದರ ಬೇಡಿಕೆ ಸುಮಾರು 200 ಮೆಗಾವಾಟ್; ಶರಾವತಿ ವಿದ್ಯುದಾಗಾರದ ತಲಾ 103.5 ಮೆಗಾವಾಟ್ ಸಾಮರ್ಥ್ಯದ ಹತ್ತು ಘಟಕಗಳಲ್ಲಿ ಎರಡು ಘಟಕಗಳ ಉತ್ಪಾದನೆಯಷ್ಟು.

ಪ್ರೋಟಾನ್‌ಗಳ ಗುಂಪುಗಳು ಕಣಗಳನ್ನು ಗುರುತಿಸುವ ಡಿಟೆಕ್ಟರ್ ಎಂಬ ಸಾಧನದ ನಡುಭಾಗದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ ಬಾರಿ ಹಾದುಹೋಗುತ್ತವೆ, ಪ್ರತಿ ಸಲವೂ ಹತ್ತಾರು ಡಿಕ್ಕಿಗಳಾಗುತ್ತವೆ. ಆ ಶಕ್ತಿಯಿಂದ ಹೊಸ ಕಣಗಳು ಹುಟ್ಟಿ, ಬಹುಪಾಲು ಕ್ಷಣಾರ್ಧಕ್ಕೂ ಎಷ್ಟೋ ಮೊದಲೇ ಒಡೆದು, ಕೊನೆಗೆ ಉಳಿಯುವ ಕಣಗಳು ಹೊರಕ್ಕೆ ಚಿಮ್ಮುತ್ತವೆ. ಸಿಎಂಎಸ್ ಡಿಟೆಕ್ಟರ್ 14,000 ಟನ್ ತೂಕದ, 15 ಮೀಟರ್ ವ್ಯಾಸದ, ಪದರ ಪದರವಾಗಿ ಕಟ್ಟಿದ ಸಾಧನ. ಆ ಚಿಮ್ಮುವಿಕೆಯಲ್ಲಿ ಯಾವ ಕಣ ಯಾವ ದಿಕ್ಕಿಗೆ ಎಷ್ಟು ಸಂವೇಗದಲ್ಲಿ ಹೋಯಿತು ಎಂಬುದನ್ನು ಅದು ದಾಖಲಿಸುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳುವಷ್ಟು ಜಾಗ ಪ್ರಪಂಚದಲ್ಲಿ ಯಾರ ಬಳಿಯೂ ಇಲ್ಲ. ಆದ್ದರಿಂದ ಟ್ರಿಗರ್ ಎಂಬ ವ್ಯವಸ್ಥೆ ಮೊದಲ ಹಂತದಲ್ಲಿ ಕೆಲವೇ ಮೈಕ್ರೋಸೆಕೆಂಡುಗಳೊಳಗೆ ಆ 4 ಕೋಟಿಯನ್ನು ಸುಮಾರು ಒಂದು ಲಕ್ಷಕ್ಕೆ ಇಳಿಸುತ್ತದೆ, ಎರಡನೆಯ ಹಂತದಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಅಡಿಕೆ ಆರಿಸುವ ಹೆಂಗಸರು ಕಣ್ಣು ಹಾಯಿಸುತ್ತಿದ್ದಂತೆಯೇ ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವುದನ್ನು ತಾವು ನೋಡಿರುತ್ತೀರಿ. ಟ್ರಿಗರ್ ಮಾಡುವುದೂ ಅಂಥದೇ ಆಯ್ಕೆ, ಆದರೆ ಇಲ್ಲಿ ಪಕ್ಕಕ್ಕೆ ಹಾಕಿದ್ದು ಮತ್ತೆಂದೂ ಸಿಗುವುದಿಲ್ಲ.

ನನ್ನ ಸಂಶೋಧನೆ ಹೀಗೆ ಉಳಿದುಕೊಂಡ ದತ್ತಾಂಶದ ಮೇಲೆ ನಿಂತಿದೆ. 2012ರ ಜುಲೈ 4ರಂದು ಎಲ್‌ಎಚ್‌ಸಿಯ ಇನ್ನೊಂದು ಡಿಟೆಕ್ಟರ್ ಆದ ಅಟ್ಲಾಸ್‌ನ ತಂಡ ಮತ್ತು ಸಿಎಂಎಸ್ ತಂಡ ಹಿಗ್ಸ್ ಬೋಸಾನ್ ಎಂಬ ಕಣವನ್ನು ಪತ್ತೆಹಚ್ಚಿದ್ದನ್ನು ಪ್ರಕಟಿಸಿದವು. ಅದರ ದ್ರವ್ಯರಾಶಿ ಸುಮಾರು 125 ಜಿಇವಿ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಏಕಮಾನ), ಅಂದರೆ ಪ್ರೋಟಾನಿನ 130 ಪಟ್ಟಿಗೂ ಹೆಚ್ಚು. ಮರುವರ್ಷ ಪೀಟರ್ ಹಿಗ್ಸ್ ಮತ್ತು ಫ್ರಾಂಸ್ವಾ ಆಂಗ್ಲೇರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಲ್ಲಿಗೆ ಕಥೆ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅಳತೆಯ ಕೆಲಸ ಶುರುವಾದದ್ದೇ ಅಲ್ಲಿಂದ. ಮೂಲಕಣಗಳಿಗೆ ದ್ರವ್ಯರಾಶಿ ಬರುವುದು ಹಿಗ್ಸ್ ಕ್ಷೇತ್ರದೊಂದಿಗಿನ ನಂಟಿನಿಂದ ಎಂದು ಸಿದ್ಧಾಂತ ಹೇಳುತ್ತದೆ. ಹಾಗಿದ್ದರೆ ಹಿಗ್ಸ್ ಕಣವು ಭಾರದ ಕಣಗಳಾಗಿ ಹೆಚ್ಚಾಗಿಯೂ ಹಗುರ ಕಣಗಳಾಗಿ ವಿರಳವಾಗಿಯೂ ಒಡೆಯಬೇಕು. ಭಾರದ ಕಣಗಳ ವಿಷಯದಲ್ಲಿ ಇದು ದೃಢಪಟ್ಟಿದೆ. ಎಲೆಕ್ಟ್ರಾನಿನ ಬಳಗಕ್ಕೆ ಸೇರಿದ, ಹಗುರವಾದ ಮ್ಯೂಯಾನ್ ಕಣಗಳ ವಿಷಯದಲ್ಲಿ ಸಿಎಂಎಸ್ ಮೊದಲ ಪುರಾವೆಯನ್ನು 2020ರಲ್ಲಿ ಮುಂದಿಟ್ಟಿತು, ಅದೂ ಮೂರು ಸಿಗ್ಮಾದ ಮಟ್ಟದ್ದು. ಕಂಡದ್ದು ಬರೀ ಆಕಸ್ಮಿಕವಲ್ಲ ಎಂಬ ಭರವಸೆಯ ಅಳತೆಯೇ ಸಿಗ್ಮಾ. ಶೋಧವೆಂದು ಘೋಷಿಸಲು ಬೇಕಾದದ್ದು ಐದು. ಸುಮಾರು 5000 ಹಿಗ್ಸ್ ಕಣಗಳಲ್ಲಿ ಒಂದು ಮಾತ್ರ ಎರಡು ಮ್ಯೂಯಾನ್‌ಗಳಾಗಿ ಒಡೆಯುತ್ತದೆ, ಆದರೆ ಝಡ್ ಎಂಬ ಇನ್ನೊಂದು ಕಣದಿಂದ ಹುಟ್ಟಿದ ಮ್ಯೂಯಾನ್ ಜೋಡಿಗಳು ಅದೇ ದತ್ತಾಂಶದಲ್ಲಿ ಕೋಟಿಗಟ್ಟಲೆ ಇರುತ್ತವೆ. ಅವುಗಳ ನಡುವಿನಿಂದ ಹಿಗ್ಸ್‌ನ ಜೋಡಿಗಳ ಲೆಕ್ಕವನ್ನು ಬಿಡಿಸಿ ತೆಗೆಯುವುದೇ ನನ್ನ ದಿನನಿತ್ಯದ ಕೆಲಸ.

ಈ ಯಂತ್ರ ಬೇರೆಯವರದು, ನಮಗೇನು ಎಂಬ ಮಾತು ಸರಿಯಲ್ಲ. ಭಾರತ ಸರ್ಕಾರ ಸರ್ನ್ ಜತೆ ಸಹಕಾರ ಒಪ್ಪಂದ ಮಾಡಿಕೊಂಡದ್ದು 1991ರಲ್ಲಿ, ಸಹ ಸದಸ್ಯ ರಾಷ್ಟ್ರವಾದದ್ದು 2017ರ ಜನವರಿಯಲ್ಲಿ. ಎಲ್‌ಎಚ್‌ಸಿಯ ಅಷ್ಟು ದೊಡ್ಡ ಅಯಸ್ಕಾಂತಗಳನ್ನು ಕೂದಲೆಳೆಯ ನಿಖರತೆಯಲ್ಲಿ ಎತ್ತಿ, ಇಳಿಸಿ, ಸರಿಹೊಂದಿಸಿ ಹಿಡಿದಿಟ್ಟಿರುವ ಸುಮಾರು 7000 ಜ್ಯಾಕ್‌ಗಳು ನಮ್ಮ ದೇಶದಿಂದ ಹೋದವು. ಅವುಗಳಲ್ಲಿ ಒಂದು ಪಾಲು ತಯಾರಾದದ್ದು ಬೆಂಗಳೂರಿನಲ್ಲಿ. ಸಿಎಂಎಸ್‌ನ ಹೊರ ಹೇಡ್ರಾನ್ ಕ್ಯಾಲರಿಮೀಟರ್ ಎಂಬ, ಕಣಗಳ ಶಕ್ತಿಯನ್ನು ಅಳೆಯುವ ಪದರವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಭಾರತೀಯರೇ ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು 2024ರಲ್ಲಿ ನಮ್ಮನ್ನು ಅಗಲಿದ ಭೌತವಿಜ್ಞಾನಿ ರೋಹಿಣಿ ಗೋಡ್‌ಬೋಲೆ ಅವರು, ಮುಂದಿನ ಪೀಳಿಗೆಯ ಎಲೆಕ್ಟ್ರಾನ್–ಪಾಸಿಟ್ರಾನ್ ಘರ್ಷಕಗಳಲ್ಲಿ ಧಾರೆಗಳಿಂದಲೇ ಎಷ್ಟು ಅನಗತ್ಯ ಕಣಗಳು ಹುಟ್ಟಿ ಅಳತೆಗೆ ಅಡ್ಡಬರಬಹುದು ಎಂಬುದನ್ನು ಮ್ಯಾನುಯೆಲ್ ಡ್ರೀಸ್ ಅವರೊಡನೆ ಲೆಕ್ಕ ಹಾಕಿ ತೋರಿಸಿದರು. ಅಂಥ ಯಂತ್ರಗಳ ವಿನ್ಯಾಸಕಾರರು ಆ ಲೆಕ್ಕವನ್ನು ಗಣನೆಗೆ ತೆಗೆದುಕೊಳ್ಳಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ ಕೋಲಾರದ ಚಿನ್ನದ ಗಣಿಯಿದೆ. ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು ಮ್ಯೂಯಾನ್‌ಗಳ ಮೇಲಿನ ತಮ್ಮ ಆರಂಭದ ಅಧ್ಯಯನಗಳನ್ನು ನಡೆಸಿದ್ದು ಅಲ್ಲಿ. ವಾತಾವರಣದಲ್ಲಿ ಹುಟ್ಟುವ, ಸುಲಭವಾಗಿ ಹಿಡಿತಕ್ಕೆ ಸಿಗದ ನ್ಯೂಟ್ರಿನೋ ಕಣಗಳ ಕುರುಹು ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿಯಲ್ಲಿ ಸಿಕ್ಕಿದ್ದು 1965ರಲ್ಲಿ, ಅವರೂ ಇದ್ದ ತಂಡಕ್ಕೆ. ಕಣಭೌತಶಾಸ್ತ್ರ ಕರ್ನಾಟಕದ ಮಟ್ಟಿಗೆ ಹೊರಗಿನಿಂದ ಬಂದ ನೆಂಟನಲ್ಲ.

ಈಗ ದತ್ತಾಂಶದ ವಿಷಯಕ್ಕೆ ಬರುತ್ತೇನೆ. ಸರ್ನ್ ತನ್ನ ಪ್ರಯೋಗಗಳ ದತ್ತಾಂಶವನ್ನು 2014ರ ನವೆಂಬರ್‌ನಿಂದ ಸಾರ್ವಜನಿಕರಿಗೆ ತೆರೆದಿಡುತ್ತಿದೆ. 2016ರಲ್ಲಿ ಸಿಎಂಎಸ್ ಒಂದೇ ಬಾರಿಗೆ ಸುಮಾರು 300 ಟೆರಾಬೈಟ್ ಬಿಡುಗಡೆ ಮಾಡಿತು, ಆನಂತರವೂ ಹಂತಹಂತವಾಗಿ ಮಾಡುತ್ತಲೇ ಬಂದಿದೆ. ಅಟ್ಲಾಸ್ ತಂಡ ಸಂಶೋಧನೆಗೆ ಯೋಗ್ಯವಾದ ತನ್ನ ದತ್ತಾಂಶವನ್ನು 2024ರಲ್ಲಿ ಹೊರತಂದಿತು. ಅನುಮತಿ ಪತ್ರ ಬೇಡ, ಶುಲ್ಕವಿಲ್ಲ, ಯಾವ ಸಂಸ್ಥೆಯ ಮುದ್ರೆಯೂ ಬೇಕಿಲ್ಲ. ಇದು ಶಾಲಾ ಮಕ್ಕಳಿಗೆಂದು ತಯಾರಿಸಿದ ನಕಲಿ ಅಂಕಿಗಳ ಪಟ್ಟಿಯಲ್ಲ. ಅಮೆರಿಕದ ಎಂಐಟಿಯ ಜೆಸ್ಸಿ ಥೇಲರ್ ಮತ್ತು ಅವರ ಸಂಗಡಿಗರು ಸಿಎಂಎಸ್ ತಂಡದ ಸದಸ್ಯರಾಗಿರದೆಯೇ ಈ ಮುಕ್ತ ದತ್ತಾಂಶದಿಂದ, ಪ್ರೋಟಾನಿನೊಳಗಿನ ಕಣಗಳಾದ ಕ್ವಾರ್ಕು–ಗ್ಲುವಾನ್‌ಗಳ ವರ್ತನೆಯನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಸಂಶೋಧಕರಿಗೆ ಸಾಕಾದದ್ದು ನಮ್ಮ ವಿದ್ಯಾರ್ಥಿಗಳಿಗೂ ಸಾಕು.

ಗಾತ್ರ ಕೇಳಿ ಹೆದರಬೇಕಾಗಿಲ್ಲ. 2012ರ ದತ್ತಾಂಶದಿಂದ ಮ್ಯೂಯಾನ್‌ಗಳ ಮಾಹಿತಿಯನ್ನಷ್ಟೇ ಆಯ್ದು ಸಿದ್ಧಪಡಿಸಿದ ಒಂದು ಕಡತದಲ್ಲಿ 6 ಕೋಟಿಗೂ ಹೆಚ್ಚು ಘಟನೆಗಳಿವೆ, ಅಂದರೆ ದಾಖಲಾದ ಡಿಕ್ಕಿಗಳಿವೆ. ಅದರ ಗಾತ್ರ 2 ಜಿಬಿಗಿಂತ ತುಸು ಹೆಚ್ಚು. ಅಂಗಡಿಯಲ್ಲಿ ಸಿಗುವ ಸಾಧಾರಣ ಪೆನ್‌ಡ್ರೈವ್‌ನಲ್ಲಿ ಅದು ಆರಾಮವಾಗಿ ಕೂರುತ್ತದೆ. ಕಳೆದ ಮಳೆಗಾಲದಲ್ಲಿ ರಜೆಗೆ ಊರಿಗೆ ಬಂದಾಗ ಅಂಥದೊಂದು ಪೆನ್‌ಡ್ರೈವ್ ಹಿಡಿದು, ಮಲೆನಾಡಿನ ಒಂದು ಪದವಿ ಕಾಲೇಜಿಗೆ ಅಲ್ಲಿನ ಅಧ್ಯಾಪಕರ ಆಹ್ವಾನದ ಮೇಲೆ ಹೋಗಿದ್ದೆ. ಆ ಕಾಲೇಜಿನಲ್ಲಿ ಗಣಕ ಕೊಠಡಿ ಇದೆ, ಆದರೆ ಅದು ಪ್ರವೇಶಾತಿ ಮತ್ತು ಪರೀಕ್ಷಾ ಶುಲ್ಕದ ಕೆಲಸಕ್ಕೆ ಮೀಸಲಾಗಿ ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ಮರ ಬಿದ್ದು ಕರೆಂಟು ಹೋಗಿತ್ತು. ಹಾಗಾಗಿ ಭೌತಶಾಸ್ತ್ರದ ಲ್ಯಾಬಿನಲ್ಲಿ, ಬ್ಯಾಟರಿ ಉಳಿದಿದ್ದ ಎರಡು ಲ್ಯಾಪ್‌ಟಾಪ್‌ಗಳ ಸುತ್ತ ಅಂತಿಮ ವರ್ಷದ ವಿದ್ಯಾರ್ಥಿಗಳು ಕುಳಿತರು.

ಅವರು ಮಾಡಿದ ಕೆಲಸವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಇಡೀ ಕೋರಿಕೆ ಇದರ ಮೇಲೆ ನಿಂತಿದೆ. ಪ್ರತಿ ಘಟನೆಯಲ್ಲಿ ವಿರುದ್ಧ ವಿದ್ಯುದಾವೇಶದ ಎರಡು ಮ್ಯೂಯಾನ್‌ಗಳನ್ನು ಆರಿಸಿಕೊಳ್ಳಬೇಕು. ಎರಡರ ಶಕ್ತಿಗಳನ್ನು ಕೂಡಬೇಕು, ಸಂವೇಗಗಳನ್ನು ದಿಕ್ಕಿನ ಸಮೇತ ಕೂಡಬೇಕು. ಒಟ್ಟು ಶಕ್ತಿಯ ವರ್ಗದಿಂದ ಒಟ್ಟು ಸಂವೇಗದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ, ಆ ಜೋಡಿ ಒಂದೇ ಕಣದಿಂದ ಹುಟ್ಟಿದ್ದಾದರೆ ಆ ತಾಯಿಕಣದ ದ್ರವ್ಯರಾಶಿ ಸಿಗುತ್ತದೆ. ಇದು ಐನ್‌ಸ್ಟೈನ್ ಅವರ ವಿಶೇಷ ಸಾಪೇಕ್ಷತಾ ಸಿದ್ಧಾಂತ. ಪದವಿ ತರಗತಿಯಲ್ಲಿ ಎಲ್ಲರೂ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಬಳಸುವ ಸಂದರ್ಭ ಮಾತ್ರ ಬರುವುದೇ ಇಲ್ಲ. ಪೈಥಾನ್ ಎಂಬ ಗಣಕ ಭಾಷೆಯಲ್ಲಿ ಇಪ್ಪತ್ತು ಮೂವತ್ತು ಸಾಲು ಬರೆದು ಕೋಟಿಗಟ್ಟಲೆ ಜೋಡಿಗಳಿಗೆ ಇದೇ ಲೆಕ್ಕ ಮಾಡಿ, ಯಾವ ದ್ರವ್ಯರಾಶಿಗೆ ಎಷ್ಟು ಜೋಡಿಗಳು ಎಂದು ನಕ್ಷೆ ಬಿಡಿಸಿದಾಗ, ಎಡದಿಂದ ಬಲಕ್ಕೆ ಇಳಿಯುವ ಇಳಿಜಾರಿನ ಮೇಲೆ ಅಲ್ಲಲ್ಲಿ ಗುಡ್ಡಗಳು ಎದ್ದವು. 3.1 ಜಿಇವಿಯಲ್ಲಿ ಒಂದು ಚೂಪಾದ ಗುಡ್ಡ: ಜೆ-ಸೈ ಕಣ, 1974ರ ನವೆಂಬರ್‌ನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳಲ್ಲಿ ಪ್ರತ್ಯೇಕವಾಗಿ ಸಿಕ್ಕಿ ಚಾರ್ಮ್ ಕ್ವಾರ್ಕ್ ಇದೆಯೆಂದು ತೋರಿಸಿಕೊಟ್ಟದ್ದು. 9.5ರ ಬಳಿ ಇನ್ನೊಂದು: 1977ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಕಂಡ ಅಪ್ಸಿಲಾನ್. ದೂರದಲ್ಲಿ, 91ರಲ್ಲಿ, ಅಗಲವಾದ ದೊಡ್ಡ ಗುಡ್ಡ: 1983ರಲ್ಲಿ ಸರ್ನ್‌ನಲ್ಲೇ ಸಿಕ್ಕಿದ ಝಡ್ ಕಣ.

ಒಬ್ಬ ವಿದ್ಯಾರ್ಥಿನಿ ಪರದೆಯ ಮೇಲೆ ಬೆರಳಿಟ್ಟು, “ಮೇಡಂ, ಈ ಗುಡ್ಡ ಇಷ್ಟು ಅಗಲ ಯಾಕೆ? ಕಣಕ್ಕೆ ಒಂದೇ ದ್ರವ್ಯರಾಶಿ ಇರಬೇಕಲ್ವಾ?” ಎಂದು ಕೇಳಿದಳು. ಮಾನ್ಯರೇ, ಈ ಪ್ರಶ್ನೆ ಎಷ್ಟು ಆಳದ್ದು ಎಂದು ತಮಗೆ ತಿಳಿಸಬೇಕೆಂಬ ಆಸೆಯಿಂದಲೇ ಈ ಪತ್ರದ ಅರ್ಧಭಾಗ ಹುಟ್ಟಿದೆ. ಕಣದ ಆಯಸ್ಸು ಕಡಿಮೆಯಾದಷ್ಟೂ ಅದರ ದ್ರವ್ಯರಾಶಿಯ ಹರವು ಹೆಚ್ಚುತ್ತದೆ. ಝಡ್ ಕಣದ ಹರವು ಸುಮಾರು 2.5 ಜಿಇವಿ. ಝಡ್ ಕಣವನ್ನು ಅತ್ಯಂತ ನಿಖರವಾಗಿ ಅಧ್ಯಯನ ಮಾಡಲು, ಎಲ್‌ಎಚ್‌ಸಿ ಬರುವ ಮೊದಲು ಅದೇ 27 ಕಿಲೋಮೀಟರ್ ಸುರಂಗದಲ್ಲಿ 1989ರಲ್ಲಿ ಎಲ್‌ಇಪಿ ಎಂಬ ಘರ್ಷಕ ಶುರುವಾಯಿತು. ಝಡ್ ಎಷ್ಟು ದಾರಿಗಳಲ್ಲಿ ಒಡೆಯಬಹುದೋ ಅಷ್ಟು ಅದರ ಹರವು ಹಿಗ್ಗುತ್ತದೆ, ಆದ್ದರಿಂದ ಕಣ್ಣಿಗೆ ಬೀಳದ ನ್ಯೂಟ್ರಿನೋಗಳಾಗಿ ಒಡೆಯುವ ದಾರಿಗಳನ್ನೂ ಅದರಿಂದ ಎಣಿಸಬಹುದು. ಹಾಗೆ ಎಣಿಸಿದಾಗ ಹಗುರ ನ್ಯೂಟ್ರಿನೋಗಳ ಬಗೆ ಮೂರೇ ಎಂದು ಖಚಿತವಾಯಿತು. ಪಕ್ಕದಲ್ಲಿದ್ದವನು ಹಾಗಾದರೆ ಜೆ-ಸೈ ಗುಡ್ಡದ ಅಗಲವೂ ಅದರ ಆಯಸ್ಸನ್ನೇ ಹೇಳುತ್ತದೆಯೇ ಎಂದು ಕೇಳಿದ. ಅಲ್ಲ ಎಂಬುದು ಉತ್ತರ. ಜೆ-ಸೈ ಕಣದ ಸಹಜ ಹರವು ಒಂದು ಜಿಇವಿಯ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನಕ್ಷೆಯಲ್ಲಿ ಕಾಣುವ ಅಗಲ ಬಹುಮಟ್ಟಿಗೆ ನಮ್ಮ ಡಿಟೆಕ್ಟರ್‌ನ ಅಳತೆಯ ಮಿತಿ. ಅಂದರೆ ಒಂದೇ ನಕ್ಷೆಯ ಒಂದು ಗುಡ್ಡ ನಿಸರ್ಗದ ಬಗ್ಗೆ, ಇನ್ನೊಂದು ಗುಡ್ಡ ಉಪಕರಣದ ಬಗ್ಗೆ ಹೇಳುತ್ತಿದೆ, ಮತ್ತು ಯಾವುದು ಯಾವುದರ ಬಗ್ಗೆ ಎಂದು ಬೇರ್ಪಡಿಸುವುದೇ ಪ್ರಾಯೋಗಿಕ ವಿಜ್ಞಾನ. ಮೂರು ವರ್ಷಗಳ ಪ್ರಯೋಗಪಾಠದಲ್ಲಿ ನನಗೆ ಯಾರೂ ಹೇಳಿಕೊಡದಿದ್ದುದನ್ನು ಆ ಇಬ್ಬರು ತಾವಾಗಿಯೇ ಪ್ರಶ್ನೆ ಕೇಳಿ ಮುಟ್ಟಿದರು.

ನಮ್ಮ ಪದವಿ ಲ್ಯಾಬುಗಳ ದೊಡ್ಡ ಕೊರತೆ ಉಪಕರಣಗಳದ್ದು ಎಂದು ಹೇಳುವುದು ರೂಢಿ. ಆ ಕೊರತೆ ನಿಜವೇ, ಆದರೆ ಅದಕ್ಕಿಂತ ದೊಡ್ಡ ಕೊರತೆ ರೆಕಾರ್ಡ್ ಪುಸ್ತಕದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆಯುವ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಉತ್ತರ ಬಾರದಿದ್ದರೆ ಅಂಕ ಕಡಿತವಾಗುತ್ತದೆಂಬುದೂ ಗೊತ್ತಿರುತ್ತದೆ. ಹಾಗಾಗಿ ಹಿಂದಿನ ವರ್ಷದ ರೆಕಾರ್ಡ್ ನೋಡಿ ಓದಿಕೆಗಳನ್ನು ಹೊಂದಿಸಿ ಬರೆಯುವುದು ಒಂದು ಕಲೆಯಾಗಿಬಿಟ್ಟಿದೆ. ಇದಕ್ಕೆ ವಿದ್ಯಾರ್ಥಿಗಳನ್ನು ದೂರಲಾರೆ, ಹೊರಗಿನ ಪರೀಕ್ಷಕರ ಮುಂದೆ ಮಕ್ಕಳನ್ನು ಕಾಪಾಡಬೇಕಾದ ಅಧ್ಯಾಪಕರನ್ನೂ ದೂರಲಾರೆ. ಕೋಟಿಗಟ್ಟಲೆ ಘಟನೆಗಳ ದತ್ತಾಂಶದಲ್ಲಿ ಇದು ನಡೆಯುವುದಿಲ್ಲ. ಯಾವ ಮ್ಯೂಯಾನ್‌ಗಳನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಗುಡ್ಡದ ಅಡಿಯಲ್ಲಿರುವ ಹಿನ್ನೆಲೆಯನ್ನು ಹೇಗೆ ಕಳೆಯಬೇಕು ಎಂದು ಪ್ರತಿಯೊಬ್ಬರೂ ತೀರ್ಮಾನ ಮಾಡಲೇಬೇಕು, ಇಬ್ಬರ ತೀರ್ಮಾನ ಬೇರೆಯಾದರೆ ಉತ್ತರವೂ ಸ್ವಲ್ಪ ಬೇರೆಯಾಗುತ್ತದೆ, ಮತ್ತು ಎಷ್ಟು ಬೇರೆಯಾಯಿತು, ಏಕಾಯಿತು ಎಂದು ಬರೆಯುವುದೇ ಪ್ರಯೋಗದ ಫಲಿತಾಂಶವಾಗುತ್ತದೆ.

ನಮ್ಮ ಕ್ಷೇತ್ರ ಈ ಶಿಸ್ತನ್ನು ಕಷ್ಟಪಟ್ಟು ಕಲಿತಿದೆ. 2015ರ ಡಿಸೆಂಬರ್‌ನಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ಎರಡೂ ತಂಡಗಳು, ಫೋಟಾನ್ ಎಂಬ ಬೆಳಕಿನ ಕಣಗಳ ಜೋಡಿಗಳ ದತ್ತಾಂಶದಲ್ಲಿ 750 ಜಿಇವಿ ಸುತ್ತಮುತ್ತ ನಿರೀಕ್ಷೆಗಿಂತ ಹೆಚ್ಚು ಘಟನೆಗಳು ಕಾಣುತ್ತಿವೆ ಎಂದು ತೋರಿಸಿದವು. ಹೊಸ ಕಣವೇ ಇರಬೇಕೆಂದು ಸೈದ್ಧಾಂತಿಕರು ನೂರಾರು ಪ್ರಬಂಧಗಳನ್ನು ಬರೆದರು. ಪ್ರಯೋಗದವರು ಶೋಧ ಎಂಬ ಮಾತನ್ನು ಆಡಲಿಲ್ಲ. ಇನ್ನಷ್ಟು ದತ್ತಾಂಶಕ್ಕೆ ಕಾದರು. 2016ರ ಆಗಸ್ಟ್‌ನಲ್ಲಿ, ಹೆಚ್ಚಿನ ದತ್ತಾಂಶ ಸೇರಿದಾಗ, ಆ ಗುಡ್ಡ ಕರಗಿಹೋಗಿತ್ತು. ಡಬ್ಲ್ಯೂ ಬೋಸಾನ್ ಎಂಬ ಕಣದ ಕಥೆಯೂ ಹಾಗೆಯೇ: 2022ರಲ್ಲಿ ಫರ್ಮಿಲ್ಯಾಬ್‌ನ ಸಿಡಿಎಫ್ ತಂಡ ಅದರ ದ್ರವ್ಯರಾಶಿ ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ಎಂದು ವರದಿ ಮಾಡಿತು, 2024ರಲ್ಲಿ ಸಿಎಂಎಸ್ ಮಾಡಿದ ಅಳತೆ ಸಿದ್ಧಾಂತಕ್ಕೆ ಹೊಂದಿಕೊಂಡು ಬಂತು, ಎರಡರ ನಡುವಿನ ಅಂತರಕ್ಕೆ ಕಾರಣ ಹುಡುಕುವ ಕೆಲಸ ಸಹಜವಾಗಿಯೇ ಮುಂದುವರಿದಿದೆ. ಯಾರೂ ತಮಗೆ ಬೇಕಾದ ಉತ್ತರ ಬರಲೆಂದು ಓದಿಕೆ ಹೊಂದಿಸಲಿಲ್ಲ. ಈ ಮನೋಧರ್ಮವನ್ನು ಪಾಠ ಹೇಳಿ ಕಲಿಸಲು ಬರುವುದಿಲ್ಲ, ದತ್ತಾಂಶದ ಮುಂದೆ ಕೂರಿಸಿ ಮಾತ್ರ ಕಲಿಸಬಹುದು.

ತಮ್ಮ ಅಧಿಕಾರಿಗಳು ಎತ್ತಬಹುದಾದ ಆಕ್ಷೇಪಗಳನ್ನು ಊಹಿಸಬಲ್ಲೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎನ್ನಬಹುದು. ಗಣಕವಿಜ್ಞಾನವನ್ನು ಜತೆಗೆ ತೆಗೆದುಕೊಂಡವರು ಪ್ರತಿ ತರಗತಿಯಲ್ಲೂ ಕೆಲವರಿರುತ್ತಾರೆ, ಉಳಿದವರು ಅವರಿಂದ ಕಲಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದರಿಂದ ಕೆಲಸ ಸಿಗುತ್ತದೆಯೇ ಎನ್ನಬಹುದು. ವರ್ಲ್ಡ್ ವೈಡ್ ವೆಬ್ ಅನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ರೂಪಿಸಿದ್ದು ಸರ್ನ್‌ನಲ್ಲಿ, 1993ರಲ್ಲಿ ಸರ್ನ್ ಅದನ್ನು ಜಗತ್ತಿಗೆ ಬಿಟ್ಟುಕೊಟ್ಟಿತು ಎಂಬುದನ್ನು ಇಂಥ ಪ್ರಶ್ನೆಗೆ ಉತ್ತರವಾಗಿ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಉತ್ತರವೊಂದಿದೆ: ಕೋಟಿಗಟ್ಟಲೆ ಸಾಲುಗಳ ದತ್ತಾಂಶದಿಂದ ಸಂಕೇತವನ್ನು ಹಿನ್ನೆಲೆಯಿಂದ ಬೇರ್ಪಡಿಸಿ, ದೋಷದ ಅಂದಾಜಿನ ಸಮೇತ ಉತ್ತರ ಬರೆಯಬಲ್ಲವರಿಗೆ ಸಂಶೋಧನೆಯಲ್ಲಿ ಮಾತ್ರವಲ್ಲ, ಬ್ಯಾಂಕು, ಆಸ್ಪತ್ರೆ, ಹವಾಮಾನ ಇಲಾಖೆ, ಎಲ್ಲೆಡೆ ಬೇಡಿಕೆಯಿದೆ. ಸಹ ಸದಸ್ಯತ್ವದಿಂದಾಗಿ ಸರ್ನ್‌ನ ಸಿಬ್ಬಂದಿ ಹುದ್ದೆಗಳಿಗೆ ಅರ್ಜಿ ಹಾಕುವ ಅರ್ಹತೆಯೂ ಭಾರತೀಯರಿಗೆ ಬಂದಿದೆ. ಆ ಬಾಗಿಲು ಮಹಾನಗರಗಳ ಹೆಸರಾಂತ ಸಂಸ್ಥೆಗಳವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಹೊಸನಗರದ ಹುಡುಗಿಗೆ ಯಾರಾದರೂ ಹೇಳಬೇಕಾಗುತ್ತದೆ.

ಆಗಬೇಕಾದದ್ದು ಹೆಚ್ಚೇನೂ ಇಲ್ಲ. ಪದವಿಯ ಐದನೆಯ ಮತ್ತು ಆರನೆಯ ಸೆಮಿಸ್ಟರ್‌ಗಳ ಭೌತಶಾಸ್ತ್ರ ಪ್ರಯೋಗಗಳಲ್ಲಿ ಎರಡು ಮೂರನ್ನು ಬಿಟ್ಟು ಅವುಗಳ ಜಾಗದಲ್ಲಿ ಮುಕ್ತ ದತ್ತಾಂಶದ ಒಂದು ಕಿರು ಯೋಜನೆಯನ್ನು ಐಚ್ಛಿಕವಾಗಿ ಆಯ್ದುಕೊಳ್ಳಲು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಅವಕಾಶ ಕೊಡಲಿ. ಮೌಲ್ಯಮಾಪನದಲ್ಲಿ ಪುಸ್ತಕದಲ್ಲಿರುವ ಉತ್ತರಕ್ಕೆ ಎಷ್ಟು ಹತ್ತಿರ ಬಂದರು ಎಂಬುದಕ್ಕೆ ಅಂಕ ಬೇಡ, ಆಯ್ಕೆಗಳನ್ನು ಹೇಗೆ ಸಮರ್ಥಿಸಿಕೊಂಡರು, ದೋಷವನ್ನು ಹೇಗೆ ಅಂದಾಜಿಸಿದರು ಎಂಬುದಕ್ಕಿರಲಿ. ಆಯ್ದ ಕಡತಗಳ ಒಂದು ಪ್ರತಿಯನ್ನು ಜ್ಞಾನಸಹ್ಯಾದ್ರಿಯ ಆವರಣದಲ್ಲಿ ಇಟ್ಟು, ಕೇಳಿದ ಕಾಲೇಜಿಗೆ ಹಾರ್ಡ್‌ಡಿಸ್ಕ್‌ನಲ್ಲಿ ಕಳುಹಿಸಿಕೊಡುವ ವ್ಯವಸ್ಥೆಯಾಗಲಿ, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಘಟ್ಟದ ತಾಲ್ಲೂಕುಗಳಲ್ಲಿ ಅಂತರ್ಜಾಲವನ್ನು ನಂಬಿ ಯಾವ ಪಾಠವನ್ನೂ ಯೋಜಿಸಲು ಆಗುವುದಿಲ್ಲ. ಗಣಕ ಕೊಠಡಿಗಳ ಬೀಗ ವಾರಕ್ಕೆ ಒಂದು ಮಧ್ಯಾಹ್ನ ಭೌತಶಾಸ್ತ್ರಕ್ಕೂ ತೆರೆಯಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಧ್ಯಾಪಕರ ವಿಷಯ. ನಮ್ಮ ಕಡೆಯ ಹಲವು ಕಾಲೇಜುಗಳಲ್ಲಿ ಪ್ರಯೋಗಪಾಠ ನಡೆಸುವವರು ಅತಿಥಿ ಉಪನ್ಯಾಸಕರು. ಅವರ ಗೌರವಧನ ಕಾರ್ಯಭಾರದ ಗಂಟೆಗಳಿಗೆ ಅಂಟಿಕೊಂಡಿದೆ. ಮುಂದಿನ ವರ್ಷ ತಾವು ಇದೇ ಕಾಲೇಜಿನಲ್ಲಿರುತ್ತೇವೆಯೇ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಹೊಸದೊಂದನ್ನು ಕಲಿತು ಕಲಿಸಿ ಎಂದು ಅವರಿಗೆ ಬರೀ ಉಪದೇಶ ಮಾಡುವುದು ಅನ್ಯಾಯ. ಈ ಯೋಜನೆಗೆ ಮಾರ್ಗದರ್ಶನ ಮಾಡುವ ಗಂಟೆಗಳು ಕಾರ್ಯಭಾರದಲ್ಲಿ ಸೇರಬೇಕು, ರಜೆಯಲ್ಲಿ ತರಬೇತಿಗೆ ಬಂದರೆ ಆ ದಿನಗಳಿಗೂ ಗೌರವಧನ ಸಿಗಬೇಕು. ಇದಕ್ಕೆ ಬೇಕಾದ ಹಣ ಒಂದು ಹೊಸ ಕಟ್ಟಡದ ವೆಚ್ಚದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಅದನ್ನು ಮಂಜೂರು ಮಾಡಲು ತಮ್ಮ ಸಹಿ ಬೇಕು.

ಕಾಲವೂ ಕೂಡಿಬಂದಿದೆ. ಎಲ್‌ಎಚ್‌ಸಿಯನ್ನು 2026ರ ಮಧ್ಯಭಾಗದಿಂದ ದೀರ್ಘಕಾಲ ನಿಲ್ಲಿಸಿ, 2030ರಲ್ಲಿ ಹೆಚ್ಚು ಪ್ರಖರ ಧಾರೆಗಳೊಂದಿಗೆ ಮತ್ತೆ ನಡೆಸುವುದು ಸರ್ನ್‌ನ ಯೋಜನೆ. ಆಗ ಪ್ರತಿ ಸಲ ಪ್ರೋಟಾನ್ ಗುಂಪುಗಳು ಹಾದಾಗ ಹತ್ತಾರರ ಬದಲು 140ರಿಂದ 200 ಡಿಕ್ಕಿಗಳು ಒಂದರ ಮೇಲೊಂದು ಬೀಳುತ್ತವೆ, ಅವುಗಳನ್ನು ಬಿಡಿಸುವ ವಿಧಾನಗಳನ್ನು ಈಗಿನಿಂದಲೇ ರೂಪಿಸಬೇಕಾಗಿದೆ. ಹಿಗ್ಸ್–ಮ್ಯೂಯಾನ್ ನಂಟನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಅಳೆಯುವುದು ಆ ದತ್ತಾಂಶದಿಂದ. ಅದರಾಚೆಗೆ 91 ಕಿಲೋಮೀಟರ್ ಸುತ್ತಳತೆಯ ಇನ್ನೊಂದು ಘರ್ಷಕದ ಸಾಧ್ಯತಾ ವರದಿಯನ್ನು ಸರ್ನ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದೆ. ಅದು ಕಟ್ಟಲ್ಪಟ್ಟರೆ ಅದರ ದತ್ತಾಂಶ ನೋಡುವವರು ಇಂದು ಪ್ರಾಥಮಿಕ ಶಾಲೆಯಲ್ಲಿದ್ದಾರೆ ಅಥವಾ ಇನ್ನೂ ಹುಟ್ಟಿಲ್ಲ. ಈಗ ದ್ವಿತೀಯ ಪಿಯುಸಿಯಲ್ಲಿರುವ ಮಗುವೊಂದು ಬಿ.ಎಸ್‌ಸಿ., ಎಂ.ಎಸ್‌ಸಿ. ಮುಗಿಸುವ ಹೊತ್ತಿಗೆ ಸರಿಯಾಗಿ ಹೊಸ ಎಲ್‌ಎಚ್‌ಸಿಯ ಮೊದಲ ದತ್ತಾಂಶ ಬರತೊಡಗಿರುತ್ತದೆ.

ಕಿರು ಯೋಜನೆಗೆ ಬೇಕಾದ ಕೈಪಿಡಿಯನ್ನು ಕನ್ನಡದಲ್ಲಿ ಬರೆಯಲು ಆರಂಭಿಸಿದ್ದೇನೆ. ಮ್ಯೂಯಾನ್ ಜೋಡಿಗಳ ನಕ್ಷೆಯಿಂದ ಝಡ್ ಕಣದ ದ್ರವ್ಯರಾಶಿ ಮತ್ತು ಹರವನ್ನು ಕಂಡುಹಿಡಿಯುವವರೆಗಿನ ಮೊದಲ ಭಾಗ ಸಿದ್ಧವಿದೆ. ಅದನ್ನು ಅಧ್ಯಯನ ಮಂಡಳಿಯ ಪರಿಶೀಲನೆಗೆ ಯಾವಾಗ ಬೇಕಾದರೂ ಒಪ್ಪಿಸುತ್ತೇನೆ, ಅದಕ್ಕೆ ಸಂಭಾವನೆಯ ಅಪೇಕ್ಷೆಯಿಲ್ಲ. ಅಧ್ಯಾಪಕರ ತರಬೇತಿಯನ್ನು ಬೇಸಿಗೆ ರಜೆಯಲ್ಲಿ ಶಂಕರಘಟ್ಟದಲ್ಲೇ ನಡೆಸಿಕೊಡಲು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ಮುಂದಿನ ಶೈಕ್ಷಣಿಕ ವರ್ಷದ ಪಠ್ಯಕ್ರಮ ಅಂತಿಮಗೊಳ್ಳುವ ಮೊದಲು ಈ ವಿಷಯವನ್ನು ಅಧ್ಯಯನ ಮಂಡಳಿಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದೂ, ಆ ಸಭೆಯಲ್ಲಿ ಸರ್ಕಾರಿ ಕಾಲೇಜುಗಳ ಒಬ್ಬ ಅತಿಥಿ ಉಪನ್ಯಾಸಕರಿಗೂ ಮಾತನಾಡಲು ಅವಕಾಶವಿರಬೇಕೆಂದೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಕಣಭೌತ ಸಂಶೋಧಕಿ